ಹಬ್ಬದ ಸಿಹಿ ಹಬೆಯಲ್ಲೇ ಬೇಯಲಿ

ಗೋಧಿ ಒಗ್ಗದವರಿಗೆ ಹಬ್ಬದಲ್ಲಿ ಯಾವ ಸಿಹಿ ಬಡಿಸುವುದು ಎಂದು ಕೇಳಿದರೆ ಮಾರುಕಟ್ಟೆ ಪೊಟ್ಟಣವೊಂದನ್ನು ಮುಂದಿಡುತ್ತದೆ. ‘ಗ್ಲುಟೆನ್ ಫ್ರೀ’ ಎಂದು ಅಚ್ಚು ಹಾಕಿದ ಹಿಟ್ಟು, ಬಿಸ್ಕತ್ತು, ಕೇಕಿನ ಮಿಶ್ರಣ. ಮಾಮೂಲಿ ಹಿಟ್ಟಿಗಿಂತ ಬೆಲೆ ಬಹಳ ಜಾಸ್ತಿ. ದಾವಣಗೆರೆಯಂಥ ಊರಿನಲ್ಲಿ ಇದನ್ನು ಕೇಳಿದರೆ ನಗು ಬರಬೇಕು. ಭದ್ರಾ ನಾಲೆಯ ನೀರಿನಲ್ಲಿ ಹರಿಹರ, ಮಲೇಬೆನ್ನೂರು, ಹೊನ್ನಾಳಿ ಸೀಮೆಯ ಗದ್ದೆಗಳು ಭತ್ತ ಬೆಳೆಯುತ್ತವೆ. ಇದು ಮಂಡಕ್ಕಿ ಭಟ್ಟಿಗಳ ಊರು. ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿದ ಹಿಟ್ಟಿನಲ್ಲಿ ದೋಸೆ ಹುಯ್ದು ನಾಡಿಗೆಲ್ಲ ಹೆಸರಾದ ಊರು. ಇಲ್ಲಿನ ಅಡುಗೆಮನೆಗೆ ಗೋಧಿಯಿಲ್ಲದೆ ಹಬ್ಬ ಮಾಡುವುದನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಹಬೆಯಲ್ಲಿ ಬೆಂದ ಅಕ್ಕಿಯ ಕಡುಬು ಆ ಕೆಲಸವನ್ನು ಯಾವತ್ತಿನಿಂದಲೋ ಮಾಡಿಕೊಂಡು ಬಂದಿದೆ. ನನ್ನ ವಾದ ಇಷ್ಟೇ. ಗೋಧಿ ತಿನ್ನಲಾಗದವರಿಗೆಂದು ಮೂಲೆಯಲ್ಲಿ ಬೇರೆ ತಟ್ಟೆ ಇಡುವುದು ಬೇಡ. ಹಬ್ಬದ ಎಲೆಗೆ, ಪೆಂಡಾಲಿನ ಪ್ರಸಾದಕ್ಕೆ ಎಲ್ಲರೂ ತಿನ್ನಬಹುದಾದ ಒಂದು ಹಬೆಯ ಸಿಹಿಯನ್ನು ಮುಖ್ಯ ಸಿಹಿಯಾಗಿಯೇ ಮಾಡೋಣ, ಮತ್ತು ಅದರೊಳಗೆ ಗೋಧಿ ಕದ್ದು ಸೇರದಂತೆ ನೋಡಿಕೊಳ್ಳೋಣ. ಈ ಎರಡರಲ್ಲಿ ಎರಡನೆಯದೇ ಕಷ್ಟದ್ದು.

ಗ್ಲುಟೆನ್ ಎಂದರೆ ಗೋಧಿ ಹಿಟ್ಟನ್ನು ನಾದಿದಾಗ ಕೈಗೆ ಸಿಗುವ ಜಿಗುಟಿಗೆ, ಎಳೆದರೆ ಹಿಗ್ಗುವ ಗುಣಕ್ಕೆ ಕಾರಣವಾದ ಪ್ರೋಟೀನು. ಹೋಳಿಗೆಯ ಕಣಕ ಹರಿಯದೆ ತೆಳ್ಳಗಾಗುವುದು, ಬ್ರೆಡ್ಡು ಉಬ್ಬಿ ನಿಲ್ಲುವುದು ಇದೇ ಪ್ರೋಟೀನಿನಿಂದ. ಗೋಧಿಯಲ್ಲಿ, ಬಾರ್ಲಿಯಲ್ಲಿ, ರೈ ಎಂಬ ಧಾನ್ಯದಲ್ಲಿ ಇದು ಅಥವಾ ಇದರ ಹತ್ತಿರದ ಸಂಬಂಧಿ ಇರುತ್ತದೆ. ಸೀಲಿಯಾಕ್ ಕಾಯಿಲೆ ಇರುವವರ ದೇಹ ಈ ಪ್ರೋಟೀನನ್ನು ಕಂಡಾಗ ತನ್ನ ಸಣ್ಣ ಕರುಳಿನ ಒಳಪದರದ ಮೇಲೇ ದಾಳಿ ಮಾಡುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ರಕ್ತಹೀನತೆ, ಭೇದಿ, ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಕಾಣಿಸಿಕೊಳ್ಳುತ್ತವೆ. ಇದಕ್ಕೆ ಕಾರಣ ಗೋಧಿಯೆಂದು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. 1944-45ರ ಚಳಿಗಾಲದಲ್ಲಿ, ಯುದ್ಧದ ಕ್ಷಾಮದಿಂದ ಬ್ರೆಡ್ಡೇ ಸಿಗದಿದ್ದಾಗ ಈ ಕಾಯಿಲೆಯ ಮಕ್ಕಳು ಸುಧಾರಿಸಿದರು; ಬ್ರೆಡ್ಡು ಮರಳಿ ಬಂದಾಗ ಮತ್ತೆ ಸೊರಗಿದರು. 1950ರಲ್ಲಿ ಅವರು ಇದನ್ನೇ ವಿಷಯವಾಗಿಟ್ಟುಕೊಂಡು ಪ್ರಬಂಧ ಬರೆದರು. ಅಲ್ಲಿಂದ ಇಲ್ಲಿಯವರೆಗೆ ಚಿಕಿತ್ಸೆ ಬದಲಾಗಿಲ್ಲ: ಜೀವನಪೂರ್ತಿ ಗೋಧಿ, ಬಾರ್ಲಿ, ರೈ ಬಿಡಬೇಕು. ಎಷ್ಟು ಬಿಡಬೇಕೆಂದರೆ, ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ದಾಟದಿದ್ದರೆ ಮಾತ್ರ ಅದನ್ನು ಗ್ಲುಟೆನ್‌ರಹಿತ ಎಂದು ಕರೆಯಬಹುದು ಎನ್ನುತ್ತದೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ. ‘ಪ್ರಸಾದ ಅಲ್ಲವೇ, ಒಂದು ಚೂರು ಬಾಯಿಗೆ ಹಾಕಿಕೊಳ್ಳಿ, ಏನೂ ಆಗುವುದಿಲ್ಲ’ ಎಂಬ ನಮ್ಮ ಉಪಚಾರದ ಮಾತು ಇಂಥವರ ವಿಷಯದಲ್ಲಿ ಸುಳ್ಳು.

ಹಾಗಾದರೆ ಹಬ್ಬದ ದಿನ ಅವರ ಎದುರಿಗೆ ಏನಿರುತ್ತದೆ? ಯುಗಾದಿಗೆ ಹೋಳಿಗೆ, ಕಣಕ ಮೈದಾದ್ದು ಇಲ್ಲವೇ ಚಿರೋಟಿ ರವೆಯದು. ಸೀಗೆ ಹುಣ್ಣಿಮೆಗೆ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಬುತ್ತಿಯಲ್ಲಿ ಎಷ್ಟೋ ಮನೆಗಳ ಹೂರಣಗಡುಬು ಗೋಧಿ ಹಿಟ್ಟಿನದು. ರಂಜಾನಿನ ಸುರಕುಂಬಾದ ಶಾವಿಗೆ ಗೋಧಿಯದು. ಕ್ರಿಸ್‌ಮಸ್ಸಿನ ಕೇಕು ಮೈದಾದ್ದು. ಜಾತಿ ಧರ್ಮ ಯಾವುದೇ ಇರಲಿ, ಸಂಭ್ರಮ ಎಂದರೆ ಗೋಧಿ ಎಂಬಂತಾಗಿದೆ. ಗೋಧಿ ಈ ನಾಡಿಗೆ ಪರಕೀಯ ಎಂದು ವಾದಿಸುವವನಲ್ಲ ನಾನು. ಉತ್ತರ ಕರ್ನಾಟಕದ ಎರೆ ಹೊಲಗಳ ಸದಕ ಗೋಧಿಗೆ ಅದರದೇ ದೊಡ್ಡ ಇತಿಹಾಸವಿದೆ. (ಹಳೆಯ ತಳಿಯಾದ್ದರಿಂದ ಸದಕ ಸೀಲಿಯಾಕ್ ಇದ್ದವರಿಗೂ ನಡೆಯುತ್ತದೆ ಎಂಬ ಮಾತು ಈಗೀಗ ಓಡಾಡುತ್ತಿದೆ. ನಡೆಯುವುದಿಲ್ಲ. ಅದರಲ್ಲೂ ಗ್ಲುಟೆನ್ ಇದೆ.) ಆದರೆ ದಿನನಿತ್ಯದ ಊಟಕ್ಕೆ ಜೋಳ, ರಾಗಿ, ನವಣೆ, ಅಕ್ಕಿ ಇದ್ದ ಸೀಮೆಯಲ್ಲಿ ಹಬ್ಬದ ಸಿಹಿಯೂ ಆ ಧಾನ್ಯಗಳಿಂದ ಬರುತ್ತಿತ್ತು ಎಂಬುದನ್ನು ಮರೆಯಬಾರದು. ಒತ್ತು ಶಾವಿಗೆ, ಅಕ್ಕಿ ತಂಬಿಟ್ಟು, ಎಳ್ಳುಂಡೆ ಯಾವುದಕ್ಕೂ ಗೋಧಿ ಬೇಡ. ಇವುಗಳ ಪೈಕಿ ಎಲೆಯ ನಡುವೆ ಕೂರುವ ಯೋಗ್ಯತೆ, ಗಣಪನ ನೈವೇದ್ಯದ ಮರ್ಯಾದೆ ಇರುವುದು ಕಡುಬಿಗೆ.

ಗ್ಲುಟೆನ್ ಇಲ್ಲದೆ ಹಿಟ್ಟು ಕೂಡಿಕೊಳ್ಳುವುದು ಹೇಗೆ ಎಂದು ಇವತ್ತು ಪಾಶ್ಚಾತ್ಯ ಬೇಕರಿಗಳು ತಲೆ ಕೆಡಿಸಿಕೊಂಡು ಕ್ಸಾಂಥನ್ ಗೋಂದು, ಇಸಬ್‌ಗೋಲು ಸುರಿಯುತ್ತಿವೆ. ಕಡುಬು ಮಾಡುವವರು ಇದನ್ನು ಕುದಿಯುವ ನೀರಿನಿಂದಲೇ ಬಗೆಹರಿಸಿದ್ದಾರೆ. ನೀರಿಗೆ ಉಪ್ಪು, ಚಮಚ ತುಪ್ಪ ಹಾಕಿ ಮರಳಿಸಿ, ಅಕ್ಕಿ ಹಿಟ್ಟು ಸುರಿದು, ಗಂಟಾಗದಂತೆ ತೊಳಸಿ, ಮುಚ್ಚಿಟ್ಟು, ಕೈ ಸುಡುವಷ್ಟು ಬಿಸಿ ಇರುವಾಗಲೇ ನಾದಬೇಕು. ಬಿಸಿಗೆ ಅಕ್ಕಿಯ ಪಿಷ್ಟ ನೀರು ಹೀರಿ ಉಬ್ಬಿ ಅಂಟಾಗುತ್ತದೆ. ಗೋಧಿಯಲ್ಲಿ ಪ್ರೋಟೀನು ಮಾಡುವ ಕೆಲಸವನ್ನು ಇಲ್ಲಿ ಪಿಷ್ಟ ಮಾಡುತ್ತದೆ. ಆರಿದ ಮೇಲೆ ನಾದಿದರೆ ಹಿಟ್ಟು ಬಿರಿಯುತ್ತದೆ ಎಂದು ಮನೆಯ ಹಿರಿಯರು ಗದರುವುದಕ್ಕೆ ಕಾರಣವೂ ಇದೇ. ಹಬೆಯಲ್ಲಿ ಬೇಯಿಸುವುದರಿಂದ ಇನ್ನೊಂದು ಲಾಭವಿದೆ: ಗ್ಲುಟೆನ್ ಇಲ್ಲದ ಹಿಟ್ಟನ್ನು ಓವನ್ನಿನ ಒಣ ಶಾಖಕ್ಕೆ ಒಡ್ಡಿದರೆ ಬೇಗ ಒಣಗಿ ಪುಡಿಯಾಗುತ್ತದೆ, ಹಬೆ ಅದನ್ನು ತೇವವಾಗಿಯೇ ಇಡುತ್ತದೆ. ಉಬ್ಬಿದ್ದೇ ಬೇಕೆಂದರೆ ಇಡ್ಲಿಯ ದಾರಿ ಇದೆ. ಹುದುಗಿದಾಗ ಹುಟ್ಟುವ ಗಾಳಿಯನ್ನು ಹಿಡಿದಿಡಲು ಉದ್ದಿನ ಲೋಳೆಯೇ ಸಾಕು, ಗೋಧಿ ಬೇಕಿಲ್ಲ. ಬೇಕರಿ ವಿಜ್ಞಾನ ಇಂದು ಅರಸುತ್ತಿರುವ ಗ್ಲುಟೆನ್‌ರಹಿತ ಮೆತ್ತನೆಯ ತಿನಿಸು ನಮ್ಮಲ್ಲಿ ಬೀದಿ ಬದಿಯಲ್ಲೇ ಸಿಗುತ್ತಿದೆಯಲ್ಲ!

ಈ ಕತೆ ನಮ್ಮೊಬ್ಬರದೇ ಅಲ್ಲ. ದಕ್ಷಿಣ ಚೀನಾದಲ್ಲಿ ಹೊಸ ವರ್ಷಕ್ಕೆ ‘ಫಾ ಗಾವ್’ ಎಂಬ ಹಬೆಯ ಕೇಕನ್ನು ಮಾಡುತ್ತಾರೆ. ಅಕ್ಕಿ ಹಿಟ್ಟು, ಸಕ್ಕರೆ ಕಲಸಿ, ಹುದುಗಿಸಿ, ಬಟ್ಟಲಿಗೆ ಹುಯ್ದು, ಜೋರು ಹಬೆಯಲ್ಲಿಡುತ್ತಾರೆ. ನೆತ್ತಿ ಬಿರಿದು ಹೂವಿನ ಎಸಳಿನಂತೆ ತೆರೆದುಕೊಂಡರೆ ವರ್ಷವೆಲ್ಲ ಸಮೃದ್ಧಿ ಎಂದು ನಂಬಿಕೆ. ಮೂಲಂಗಿ ತುರಿ ಸೇರಿಸಿದ ಇನ್ನೊಂದು ಹಬೆಯ ತಿನಿಸೂ ಅಕ್ಕಿಯದೇ. ಆದರೆ ಈಗ ಅಲ್ಲಿಯೂ ಎಷ್ಟೋ ಮಂದಿ ಸುಲಭವೆಂದು ಫಾ ಗಾವ್‌ಗೆ ಮೈದಾ ಬಳಸುತ್ತಾರೆ. ಗೋಧಿ ಒಗ್ಗದ ಚೀನೀಯರು ಹಬ್ಬಕ್ಕೆ ಹೊಸ ಪಾಕವಿಧಾನ ಹುಡುಕಬೇಕಾಗಿಲ್ಲ, ಅಕ್ಕಿಗೆ ಮರಳಿದರೆ ಸಾಕು. ನಮ್ಮ ಬೀದಿಗಳಲ್ಲಿ ‘ಚೈನೀಸ್’ ಎಂದರೆ ಮೈದಾ ಮೆತ್ತಿದ ಗೋಬಿ ಮಂಚೂರಿ, ಮೈದಾದ ನೂಡಲ್ಸು, ಗೋಧಿಯೂ ಸೇರಿ ತಯಾರಾಗುವ ಸೋಯಾ ಸಾಸು. ಚೀನಾದಿಂದ ಕಲಿಯುವುದಿದ್ದರೆ ಇದಕ್ಕಿಂತ ಒಳ್ಳೆಯದು ಏನೋ ಇತ್ತು ಎನಿಸುತ್ತದೆ.

ಇನ್ನು ಗೋಧಿ ಕದ್ದು ಸೇರುವ ಬಾಗಿಲುಗಳು. ಮೊದಲನೆಯದು ಹಿಟ್ಟಿನ ಗಿರಣಿ. ಒಬ್ಬರ ಗೋಧಿ ಬೀಸಿದ ಕಲ್ಲಿನಲ್ಲೇ ಮುಂದಿನವರ ಅಕ್ಕಿ ಬೀಳುತ್ತದೆ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ತೋಳಿನಲ್ಲಿ ಗೋಧಿ ಉಳಿದಿರುತ್ತದೆ. ಉಳಿದವರಿಗೆ ಇದು ಲೆಕ್ಕಕ್ಕಿಲ್ಲದ ಸಂಗತಿ. ಕಿಲೋಗೆ 20 ಮಿಲಿಗ್ರಾಂ ಎಂಬ ಗಡಿಯ ಮುಂದೆ ಒಂದು ಹಿಡಿ ಗೋಧಿ ಹಿಟ್ಟು ಬೆಟ್ಟದಷ್ಟು. ಎರಡನೆಯದು ಜರಡಿ ಮತ್ತು ಲಟ್ಟಣಿಗೆ ಮಣೆ. ಜರಡಿಯ ಕಣ್ಣಿನಲ್ಲಿ, ಮರದ ಬಿರುಕಿನಲ್ಲಿ ಹಳೆಯ ಹಿಟ್ಟು ಕೂತಿರುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. ಮೂರನೆಯದನ್ನು ಹೆಚ್ಚಿನವರು ಊಹಿಸುವುದೇ ಇಲ್ಲ, ಅದು ಇಂಗು. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವುದು ಶುದ್ಧ ಇಂಗಲ್ಲ. ಗೋಂದು ಮತ್ತು ಹಿಟ್ಟಿನ ಜತೆ ಕಲಸಿದ ಮಿಶ್ರಣ, ಆ ಹಿಟ್ಟು ಬಹಳ ಸಲ ಗೋಧಿ ಅಥವಾ ಮೈದಾ. ಕಡುಬು ಚೊಕ್ಕಟವಾಗಿದ್ದು ಪಕ್ಕದ ಸಾರಿಗೆ, ಚಿತ್ರಾನ್ನಕ್ಕೆ, ಕೋಸಂಬರಿಗೆ ಅದೇ ಇಂಗಿನ ಒಗ್ಗರಣೆ ಬಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಪೊಟ್ಟಣದ ಮೇಲೆ ಗ್ಲುಟೆನ್ ಇರುವ ಧಾನ್ಯದ ಹೆಸರು ನಮೂದಿಸಲೇಬೇಕೆಂದು ನಿಯಮವಿದೆ. ಓದಿ ಕೊಂಡರೆ ಅಕ್ಕಿ ಹಿಟ್ಟಿನಲ್ಲಿ ಕೂಡಿಸಿದ ಇಂಗೂ ಸಿಗುತ್ತದೆ. ಇನ್ನೊಂದು ಗೊಂದಲ ರವೆಯದು. ಇಡ್ಲಿ ರವೆ ಅಕ್ಕಿಯದು, ಉಪ್ಪಿಟ್ಟಿನ ರವೆ, ಬನ್ಸಿ ರವೆ, ಚಿರೋಟಿ ರವೆ ಮೂರೂ ಗೋಧಿಯವು. ‘ಇಡ್ಲಿ ತಾನೇ’ ಎಂದು ರವೆ ಇಡ್ಲಿ ಬಡಿಸುವವರ ಉದ್ದೇಶ ಕೆಟ್ಟದ್ದಲ್ಲ, ಮಾಹಿತಿ ಸಾಲದು. ಬೆಣ್ಣೆ ದೋಸೆಯ ಹಿಟ್ಟಿಗೂ ಕೆಲವರು ಸ್ವಲ್ಪ ಮೈದಾ ಸೇರಿಸುತ್ತಾರೆ, ಕೇಳಿಯೇ ತಿನ್ನಬೇಕು.

ಗಿರಣಿಯ ಸಮಸ್ಯೆಗೆ ಪರಿಹಾರ ನಮ್ಮ ಮಗ್ಗುಲಲ್ಲೇ ಇದೆ. ಹೊನ್ನಾಳಿ, ಚನ್ನಗಿರಿ ದಾಟಿದರೆ ಸಿಗುವ ಮಲೆನಾಡಿನಲ್ಲಿ ಕಡುಬಿಗೆ ಒಣ ಹಿಟ್ಟೇ ಬೇಕೆಂದಿಲ್ಲ. ಅಕ್ಕಿ ತೊಳೆದು, ನೆನೆಸಿ, ನುಣ್ಣಗೆ ರುಬ್ಬಿ, ಬಾಣಲೆಯಲ್ಲಿ ತೊಳಸಿ ಮುದ್ದೆ ಮಾಡಿಕೊಳ್ಳುವ ಪದ್ಧತಿಯೂ ಇದೆ. ಒಣ ಗೋಧಿ ಬೀಸುವ ಗಿರಣಿಯನ್ನು ಹಾಯ್ದು ಬರುವ ಪ್ರಮೇಯವೇ ಇಲ್ಲ. ಇಡ್ಲಿ ದೋಸೆಗೆ ರುಬ್ಬುವ ಗ್ರೈಂಡರಿಗೆ ಗೋಧಿಯ ಸಂಪರ್ಕ ಬರುವುದು ಅಪರೂಪ. ಅಲ್ಲಿನ ಸೌತೆಕಾಯಿ ಕಡುಬು, ಹಲಸಿನ ಹಣ್ಣಿನ ಕಡುಬುಗಳಲ್ಲಂತೂ ತುಂಬುವ, ಮಡಚುವ ಕೆಲಸವೂ ಇಲ್ಲ. ತೊಳೆದು ಒಣಗಿಸಿ ಮನೆಯಲ್ಲೇ ತರಿಯಾಗಿಸಿದ ಅಕ್ಕಿಗೆ ಹಣ್ಣು ಅಥವಾ ಕಾಯಿ ತುರಿ, ಬೆಲ್ಲ, ತೆಂಗು ಕಲಸಿ ಎಲೆಗೋ ತಟ್ಟೆಗೋ ಹುಯ್ದು ಬೇಯಿಸಿದರಾಯಿತು. ಪಕ್ಕದ ಸೀಮೆಯ ಈ ಜಾಣತನವನ್ನು ಎರವಲು ತಂದರೆ ನಮ್ಮ ಬಯಲುಸೀಮೆಯ ಹಬ್ಬಕ್ಕೇನೂ ಕುಂದಿಲ್ಲ.

ಇಷ್ಟು ಕಷ್ಟ ಎಷ್ಟು ಜನರಿಗಾಗಿ ಎಂದು ಕೇಳುವವರಿದ್ದಾರೆ, ಆ ಪ್ರಶ್ನೆಗೆ ಆಧಾರವೂ ಇದೆ. 2016ರಲ್ಲಿ ಪ್ರಕಟವಾದ, ದೇಶದ ಮೂರು ಭಾಗಗಳ 23,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳು ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದಲ್ಲಿ ಶೇ 0.10 ಮಂದಿಯಲ್ಲಿ ಕಂಡುಬಂದವು. ದಕ್ಷಿಣದಲ್ಲಿ ಸಾವಿರಕ್ಕೊಬ್ಬರು, ಕಾಯಿಲೆ ಖಚಿತವಾದವರು ಅದಕ್ಕಿಂತಲೂ ಕಡಿಮೆ. ಸಂಖ್ಯೆ ಸಣ್ಣದೆಂದು ಒಪ್ಪೋಣ. ಆದರೆ ಅದೇ ಅಧ್ಯಯನದ ಇನ್ನೊಂದು ಸಾಲನ್ನು ಬಿಡಬಾರದು. ದಿನಕ್ಕೆ ತಿನ್ನುವ ಗೋಧಿ ಉತ್ತರದಲ್ಲಿ ಸರಾಸರಿ 455 ಗ್ರಾಂ ಇದ್ದರೆ ದಕ್ಷಿಣದಲ್ಲಿ 25 ಗ್ರಾಂ. ಕಾಯಿಲೆಗೆ ಎಡೆಮಾಡುವ ವಂಶವಾಹಿಗಳು ಇಲ್ಲಿನವರಲ್ಲೂ ಇವೆ, ತಿನ್ನುವ ಗೋಧಿ ಕಡಿಮೆ. ಈ ಕಾವಲು ಎಷ್ಟು ದಿನ ಇದ್ದೀತು? ಸಕ್ಕರೆ ಕಾಯಿಲೆಯೆಂದು ರಾತ್ರಿ ಚಪಾತಿ, ಮಕ್ಕಳ ಡಬ್ಬಿಗೆ ಬ್ರೆಡ್ಡು, ಸಂಜೆ ಬೇಕರಿ, ಹಾಸ್ಟೆಲಿನಲ್ಲಿ ಪೂರಿ ಬಂದಿವೆ. ಇದರ ಮೇಲೆ ದಾವಣಗೆರೆ ಬರೀ ದಕ್ಷಿಣದವರ ಊರೂ ಅಲ್ಲ. ತಲೆಮಾರುಗಳಿಂದ ವ್ಯಾಪಾರಕ್ಕೆ ನೆಲೆಸಿದ ಮಾರವಾಡಿ ಕುಟುಂಬಗಳಿವೆ, ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಿಗೆ ಉತ್ತರದಿಂದ ಬಂದ ವಿದ್ಯಾರ್ಥಿಗಳಿದ್ದಾರೆ. ಸೀಲಿಯಾಕ್ ಅಲ್ಲದೆ ಗೋಧಿಯ ಅಲರ್ಜಿ ಇರುವವರು ಬೇರೆ. ಹಾಗೆ ನೋಡಿದರೆ ಸಂಖ್ಯೆಯ ವಾದವೇ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅಕ್ಕಿಯ ಕಡುಬಿನಿಂದ ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಂದಿಗೆ ಆಗುವ ನಷ್ಟವೇನು? ಅವರೂ ಕಡುಬು ತಿನ್ನುತ್ತಾರೆ.

ಸಂಪ್ರದಾಯದ ಹೆಸರಿನ ಆಕ್ಷೇಪ ಇದಕ್ಕಿಂತ ಗಟ್ಟಿಯಾಗಿ ಬರುತ್ತದೆ: ಹೋಳಿಗೆ ಇಲ್ಲದ ಹಬ್ಬ ಹಬ್ಬವೇ? ಹೋಳಿಗೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ನೈವೇದ್ಯಕ್ಕೆ ಗೋಧಿಯೇ ಆಗಬೇಕೆಂಬ ಕಟ್ಟಳೆ ನಮ್ಮ ಹಬ್ಬಗಳಿಗಿಲ್ಲ, ಆ ಸ್ವಾತಂತ್ರ್ಯದ ಬೆಲೆ ತಿಳಿಯಬೇಕಾದರೆ ಹರಿಹರದ ಉದಾಹರಣೆಯನ್ನೇ ನೋಡಬಹುದು. ಹೊಯ್ಸಳ ದಂಡನಾಯಕ ಪೋಲಾಳ್ವ ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಆ ಊರಿನಲ್ಲಿದೆ. ಯಾತ್ರಿಕರನ್ನು ಸೆಳೆಯುವ ಆರೋಗ್ಯ ಮಾತೆಯ ಚರ್ಚೂ ಇದೆ. ಕ್ಯಾಥೊಲಿಕ್ ವಿಧಿಯ ಪ್ರಕಾರ ಪರಮಪ್ರಸಾದದ ರೊಟ್ಟಿ ಗೋಧಿಯದೇ ಆಗಿರಬೇಕು. ಗ್ಲುಟೆನ್ ತೀರ ಕಡಿಮೆ ಮಾಡಿದ ರೊಟ್ಟಿ ನಡೆಯುತ್ತದೆ, ಒಂದಿಷ್ಟೂ ಇಲ್ಲದ್ದು ಸಲ್ಲದು ಎಂದು ವ್ಯಾಟಿಕನ್ 2017ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಅವರ ನಂಬಿಕೆಗೆ ಅವರದೇ ಕಾರಣಗಳಿವೆ, ಆ ಚೌಕಟ್ಟಿನೊಳಗೇ ಸೀಲಿಯಾಕ್ ಇರುವ ಭಕ್ತರಿಗೆ ದಾರಿ ಹುಡುಕಿದ್ದಾರೆ. ಹರಿಹರೇಶ್ವರನ ಎದುರು, ಮನೆಯ ಗಣಪನ ಎದುರು ಅಕ್ಕಿಯ ಕಡುಬು ಇಟ್ಟರೆ ಬೇಡವೆನ್ನುವ ಶಾಸ್ತ್ರ ಯಾವುದೂ ಇಲ್ಲ. ಅಷ್ಟು ಬಿಗಿಯಾದ ವಿಧಿಯೊಳಗೂ ಅವರು ಯೋಚಿಸಿದ್ದಾರೆಂದರೆ, ವಿಧಿಯೇ ಇಲ್ಲದ ನಾವು ಯೋಚಿಸದಿರುವುದಕ್ಕೆ ಸೋಮಾರಿತನವಲ್ಲದೆ ಬೇರೆ ಹೆಸರಿಲ್ಲ.

ಅಡುಗೆಯವರ ಆಕ್ಷೇಪವನ್ನು ನಾನು ಹೆಚ್ಚು ಗೌರವಿಸುತ್ತೇನೆ, ಏಕೆಂದರೆ ಅದು ಅನುಭವದ್ದು. ಕಡುಬು ಆರಿದರೆ ಗಟ್ಟಿಯಾಗುತ್ತದೆ, ಮರುದಿನಕ್ಕೆ ಉಳಿಯುವುದಿಲ್ಲ. ಹೋಳಿಗೆ ಎರಡು ದಿನ ಇಟ್ಟು ತಿನ್ನಬಹುದು. ಸಾವಿರ ಜನರ ಪ್ರಸಾದಕ್ಕೆ ಒಂದೊಂದೇ ಕಡುಬು ಮಡಚುವವರು ಯಾರು? ಇದಕ್ಕೆ ಹುಯ್ಯುವ ಕಡುಬೇ ಉತ್ತರ. ಮದುವೆಯ ತಿಂಡಿಗೆ ನೂರಾರು ಇಡ್ಲಿ ಒಟ್ಟಿಗೆ ಬೇಯಿಸುವ ಪಾತ್ರೆಗಳು ಅಡುಗೆ ಗುತ್ತಿಗೆಯವರಲ್ಲಿ ಈಗಾಗಲೇ ಇವೆ. ಇಡ್ಲಿ ಹಿಟ್ಟಿನಂತೆಯೇ ಹುದುಗಿಸಿದ ಅಕ್ಕಿ ಉದ್ದಿನ ಹಿಟ್ಟನ್ನು ತುಸು ಗಟ್ಟಿಯಾಗಿ ಇಟ್ಟುಕೊಂಡು, ಹುಯ್ಯುವ ಮುಂಚೆ ಬೆಲ್ಲದ ಗಟ್ಟಿ ಪಾಕ, ಕಾಯಿ ತುರಿ, ಏಲಕ್ಕಿ ಸೇರಿಸಿ ತಟ್ಟೆ ಇಡ್ಲಿಯ ತಟ್ಟೆಗಳಲ್ಲಿ ಬೇಯಿಸಿ, ಆರಿದ ಮೇಲೆ ಚೌಕ ಕೊಯ್ದರೆ ಫಾ ಗಾವ್‌ನ ದಾಯಾದಿ ಸಿದ್ಧ. ಬೆಲ್ಲವೂ ತೆಂಗೂ ಇರುವುದರಿಂದ ಬಿಳಿ ಕಡುಬಿನಷ್ಟು ಬೇಗ ಬಿರುಸಾಗುವುದಿಲ್ಲ. ಅಕ್ಕಿಯ ಬದಲು ನವಣೆಯಲ್ಲೂ ಮಾಡಬಹುದು. ಸ್ವಲ್ಪ ಒರಟಾಗುತ್ತದೆ, ರುಚಿ ಬೇರೆ ಥರ ಚೆನ್ನಾಗಿರುತ್ತದೆ. ಖರ್ಚಿನ ಮಾತಂತೂ ಬೇಡವೇ ಬೇಡ. ಅನ್ನಭಾಗ್ಯದ ಅಕ್ಕಿ ಬರುವ ಮನೆಯಲ್ಲೂ ಇದು ಸಾಧ್ಯ.

ಅಕ್ಕಿ ಬೆಲ್ಲ ತಿಂದರೆ ಸಕ್ಕರೆ ಏರುವುದಿಲ್ಲವೇ ಎಂದರೆ ಏರುತ್ತದೆ, ಮೈದಾದ ಹೋಳಿಗೆ ತಿಂದರೂ ಏರುತ್ತದೆ. ಕಡುಬು ಔಷಧ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಹಾಗೆಯೇ ಗೋಧಿಯೇ ವಿಷ, ಎಲ್ಲರೂ ಬಿಡಬೇಕು ಎನ್ನುವ ಈಚಿನ ಶೋಕಿಯೂ ನನ್ನ ವಾದದ ಭಾಗವಲ್ಲ. ಒಗ್ಗುವವರಿಗೆ ಗೋಧಿ ಒಳ್ಳೆಯ ಆಹಾರ. ಗೋಧಿ ತಿಂದರೆ ಹೊಟ್ಟೆ ಕೆಡುತ್ತದೆ ಎಂಬ ಅನುಮಾನವಿದ್ದವರು ತಾವಾಗಿಯೇ ಬಿಟ್ಟು ಕೂರುವುದಂತೂ ತಪ್ಪು. ಬಿಟ್ಟ ಮೇಲೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು. ಮೊದಲು ವೈದ್ಯರನ್ನು ಕಾಣಿ, ಪರೀಕ್ಷೆ ಮುಗಿಯುವವರೆಗೆ ತಿನ್ನುತ್ತಿರಿ, ಆಮೇಲೆ ಅವರು ಹೇಳಿದಂತೆ ಮಾಡಿ.

ಗಣೇಶೋತ್ಸವದ ಮಂಡಳಿಗಳಿಗೆ, ದೇವಸ್ಥಾನ ಸಮಿತಿಗಳಿಗೆ ಕೇಳುವುದು ಹೆಚ್ಚೇನಿಲ್ಲ. ಈ ಸಲದ ಪ್ರಸಾದದಲ್ಲಿ ಒಂದು ಸಿಹಿ ಅಕ್ಕಿಯದಾಗಿರಲಿ. ಅದಕ್ಕೆ ಬೇಕಾದ ಅಕ್ಕಿಯನ್ನು ಗಿರಣಿಗೆ ಕಳಿಸದೆ ನೆನೆಸಿ ರುಬ್ಬಿಸಿ. ಮೈದಾ ಚೀಲ ಬಿಚ್ಚುವ ಮೊದಲೇ, ಬೆಳಗಿನ ಮೊದಲ ಒಲೆಯಲ್ಲಿ ಅದನ್ನು ಬೇಯಿಸಿ ಮುಚ್ಚಿಡಿ. ಅದಕ್ಕೆಂದೇ ಒಂದು ಸೌಟು, ಬಡಿಸಲು ಒಬ್ಬರು ಬೇರೆ ಇರಲಿ. ಪಾತ್ರೆಯ ಮೇಲೆ ‘ಇದರಲ್ಲಿ ಗೋಧಿ ಇಲ್ಲ’ ಎಂದು ದೊಡ್ಡದಾಗಿ ಕನ್ನಡದಲ್ಲಿ ಬರೆದಿಡಿ. ಹಾಗೆ ಬರೆಯುವ ಮುಂಚೆ ಇಂಗಿನ ಡಬ್ಬಿಯ ಹಿಂಬದಿಯನ್ನೂ ಒಮ್ಮೆ ಓದಿ.